ಎಕ್ಕಕ್ಕೆ ತಾಳಿ ಕಟ್ಟಲು ಬಂದವರು

ಹರಿಹರ
೧೨-೧೦-೧೯೫೮

ಚಿರಂಜೀವಿ ಲಿಂಗಣ್ಣನಿಗೆ ನಿನ್ನ ತಾಯಿ ಕೊಟ್ರವ್ವನ ಆಶೀರ್ವಾದಗಳು. ನಾವು ಕ್ಷೇಮ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನಾನು ಹೇಳುತ್ತಿದ್ದೇನೆ, ನಿನ್ನ ತಂಗಿ ಹಂಪವ್ವ ಬರೆಯುತ್ತಿದ್ದಾಳೆ.

ನೀನು ಅವಳಿಗೆ ಗೊತ್ತುಮಾಡಿದ ಗಂಡು, ನಿನ್ನ ಮಿಲ್ಲಿನ ಮೇಸ್ತ್ರಿ ಮಲ್ಲೇಶಪ್ಪ, ದಾವಣಗೆರೆಯಿಂದ ಜೋಯಿಸರನ್ನು ಕಟ್ಟಿಕೊಂಡು ಬಂದಿದ್ದ. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಮೂರನೆಯ ಮದುವೆ ಆಗಿಬರುವುದಿಲ್ಲವಂತೆ. ಮೊದಲು ನಮ್ಮ ಹಿತ್ತಲಿನ ಎಕ್ಕದ ಗಿಡಕ್ಕೆ ತಾಳಿ ಕಟ್ಟಿ, ಆಮೇಲೆ ಅದನ್ನು ಕಡಿದುಹಾಕಿದರೆ ಮೂರನೆಯವಳೂ ಸತ್ತ ಲೆಕ್ಕವಂತೆ. ಹಂಪಿ ನಾಲ್ಕನೆಯವಳು.

"ಸಾವಿಗೆ ಎಣಿಕೆ ಬರಲ್ಲ ಅಂದ್ಕಂಡ್ರೇನ್ರಿ?" ಎಂದೆ.

ಈ ಸಲವೂ ಮಳೆ ಹಿಂದಾಗುತ್ತಲೇ ಕೆಂಚು ಚಿಟ್ಟೆಗಳು ಹೊಳೆಯ ಗುಂಟ ಹಿಂಡಾಗಿ ಬಂದಿವೆ. ಯಾವ ಊರಿನವೋ, ಎಲ್ಲಿಗೆ ಹೊರಟವೋ. ಅಷ್ಟು ದೂರ ಹಾರಿ ಬಂದು ಮೊಟ್ಟೆ ಇಡುವುದು ಎಕ್ಕದ ಎಲೆಗೇ. ಅವುಗಳ ಮರಿಹುಳು ಬೇರೆ ಸೊಪ್ಪು ಮುಟ್ಟುವುದಿಲ್ಲ. ಒಮ್ಮೆ ಅವರೆ ಎಲೆ ಹಾಕಿ ನೋಡಿದೆ, ಉಪವಾಸ ಸತ್ತವು. ಎಕ್ಕದ ಹಾಲಿನ ವಿಷವೇ ಅವಕ್ಕೆ ಕಾವಲು. ಆ ಹುಳುವನ್ನು ಕಾಗೆಯೂ ತಿನ್ನುವುದಿಲ್ಲ.

ಜೋಯಿಸರು ಗಿಡಕ್ಕೆ ಅರಿಸಿನ ಹಚ್ಚಲು ಹೋದಾಗ ಅಡ್ಡ ನಿಂತೆ.

"ಬಿಡ್ರಿ ತಾಯಿ, ಹಾಳು ಎಕ್ಕ, ದಾರ್ಯಾಗೆಲ್ಲ ಐತೆ" ಎಂದರು.

"ಹಂಗಾದ್ರೆ ದಾರ್ಯಾಗ ಇರೋದಕ್ಕೇ ತಾಳಿ ಕಟ್ಟಿ ಅಲ್ಲೇ ಸಂಸಾರ ಮಾಡಾಕ ಹೇಳ್ರಿ. ಗಿಡಾನೂ ಕೊಡಲ್ಲ, ಮಗಳನ್ನೂ ಕೊಡಲ್ಲ" ಎಂದೆ.

ಮಲ್ಲೇಶಪ್ಪ ಚಪ್ಪಲಿ ಮೆಟ್ಟುತ್ತಾ, "ನಿಮ್ಮ ಲಿಂಗಣ್ಣನ ಕೆಲಸ ನನ್ನ ಕೈಯಾಗೈತೆ, ನೆನಪಿರ್ಲಿ" ಎಂದ. "ನೆನಪೈತೆ, ಹೋಗ್ಬರ್ರಿ" ಎಂದೆ.

ಕೆಲಸ ಹೋದರೆ ಮನೆಗೆ ಬಾ. ರೊಟ್ಟಿ ಬಡಿಯುವ ಕೈ ಇನ್ನೂ ಗಟ್ಟಿಯಾಗಿದೆ. ನನ್ನನ್ನು ಬೇಕಾದಷ್ಟು ಬೈದುಕೋ, ಆದರೆ ತಂಗಿಯನ್ನು ಅವನಿಗೆ ಕೊಡು ಎಂದು ಮತ್ತೆ ಬರೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು.

ನಿನ್ನ ತಾಯಿ,
ಕೊಟ್ರವ್ವ

ತಾ.ಕ.: ಇದು ನನ್ನದೇ ಸೊಟ್ಟ ಅಕ್ಷರ. ಹಂಪಿಗೆ ಹೇಳಿ ಬರೆಸಲು ಬಾಯಿ ಬರಲಿಲ್ಲ. ನಿಮ್ಮಪ್ಪನಿಗೂ ನನಗಿಂತ ಮೊದಲು ಇಬ್ಬರು ಹೆಂಡಿರು ಸತ್ತಿದ್ದರು. ನನಗೆ ತಾಳಿ ಕಟ್ಟುವ ಮೊದಲು ಅವರೂ ಎಕ್ಕಕ್ಕೆ ಕಟ್ಟಿದ್ದರು. ನನ್ನ ತವರಿನ ಹಿತ್ತಲಲ್ಲೇ ಅದನ್ನು ಕಡಿದರು. ಕೊಡಲಿಯ ಸದ್ದು ಕೇಳುತ್ತಾ ನಾನು ಒಳಗೆ ಕೂತಿದ್ದೆ. ನಮ್ಮವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.