ಪಟ್ಟಿಯ ಕೆಳಗಿದ್ದ ಎಚ್ಚರಿಕೆ

ಕಿರಿಬತ್‌ಗೊಡ
ಜುಲೈ ೧೩, ಭಾನುವಾರ

ಪ್ರೀತಿಯ ತಂಗಿ ಚೂಟಿ,

ಹೇಗಿದ್ದೀಯ? ಬಂಡಾರವೆಲದ ಚಳಿಗೆ ನಿನ್ನ ನೆಗಡಿ ಮರುಕಳಿಸಿಲ್ಲ ತಾನೇ? ಸೋದರತ್ತೆ ಕೊತ್ತಂಬರಿ ಕಷಾಯ ಕೊಟ್ಟರೆ ಮುಖ ಸಿಂಡರಿಸದೆ ಕುಡಿ. ಅಮ್ಮನ ಮಂಡಿನೋವು ಹಾಗೇ ಇದೆ, ಕೋಪವೂ ಹಾಗೇ ಇದೆ. ನನ್ನ ಜೊತೆ ನೇರವಾಗಿ ಮಾತಿಲ್ಲ. ಬೆಕ್ಕನ್ನು ಕರೆದು, “ಹೇಳು ಅವಳಿಗೆ, ಟೀ ಆರ್ತಾ ಇದೆ ಅಂತ” ಎನ್ನುತ್ತಾಳೆ. ಒಂದೇ ಒಂದು ಸಲ ನನ್ನ ಕಡೆ ತಿರುಗಿದ್ದು, “ಅಂಕ ಹಾಕೋಕೆ ಊರಲ್ಲಿ ಬೇರೆ ಯಾರ ಬರಹಾನೂ ಸಿಗಲಿಲ್ವೇನೇ ನಿನಗೆ?” ಎಂದು ಕೇಳುವುದಕ್ಕೆ. ಅದರ ಉತ್ತರವನ್ನು ನಿನಗಾದರೂ ಹೇಳೋಣವೆಂದು ಬರೆಯುತ್ತಿದ್ದೇನೆ. ನೀನಂತೂ ಫೋನ್ ಎತ್ತುವುದಿಲ್ಲ.

ಅರ್ಧ ನಿನಗೇ ಗೊತ್ತಿರುವ ಕತೆ. ಆದರೆ ಎಲ್ಲವನ್ನೂ ಸೇರಿಸಿ ನಿನಗೆ ಯಾರೂ ಹೇಳಿಲ್ಲ. ಅಂಧಮಕ್ಕಳ ಶಾಲೆಯ ಕುಸುಮಾ ಟೀಚರ್‌ಗೆ ತಮಗೂ ಕಣ್ಣು ಕಾಣುವುದಿಲ್ಲ. ಅಲ್ಲಿನ ಪಿಯದಾಸ ಮಾಸ್ಟರ್ ವರ್ಷಗಟ್ಟಲೆ ಕೂತು ಮಕ್ಕಳಿಗಾಗಿ ಪುಸ್ತಕ ಓದಿ ಧ್ವನಿಮುದ್ರಣ ಮಾಡಿಕೊಟ್ಟಿದ್ದರು. ಮಾಸ್ಟರ್ ತೀರಿಕೊಂಡ ಮೇಲೆ ಶಾಲೆಯ ಹಳೆಯ ಕಂಪ್ಯೂಟರ್ ಕೈಕೊಡತೊಡಗಿತು. ಟೀಚರ್ ತಮ್ಮ ಫೋನಿನಲ್ಲಿ ಹೇಳಿದ ಕೆಲಸ ತಾನೇ ಮಾಡಿಕೊಡುವ ಎಐ ಏಜೆಂಟ್‌ಗೆ, “ಇದನ್ನೆಲ್ಲ ಕ್ಲೌಡ್‌ನಲ್ಲಿ ಕಮ್ಮಿ ಖರ್ಚಲ್ಲಿ ಇಡೋ ದಾರಿ ನೋಡಪ್ಪಾ” ಎಂದರು. ಅದು ಹೋಗಿ ಯಾವ ಕ್ಲೌಡ್‌ಗೆ ಎಷ್ಟು ಖರ್ಚೆಂದು ಹೇಳುವ ನಿಮ್ಮ ಕಂಪನಿಯ ಸಾಧನವನ್ನು ಹಿಡಿಯಿತು, ನೀನು ಬರೆದ ಕೈಪಿಡಿ ಓದಿತು, ದರಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಲನ್ನು ಆರಿಸಿ ಧ್ವನಿಮುದ್ರಣವನ್ನೆಲ್ಲ ಅಲ್ಲಿಟ್ಟಿತು. ಅದು ತಾತ್ಕಾಲಿಕ ಜಾಗ. ತಿಂಗಳಾದರೆ ಅಲ್ಲಿರುವುದೆಲ್ಲ ತಾನಾಗಿ ಅಳಿಸಿಹೋಗುತ್ತದೆ. ಆ ಎಚ್ಚರಿಕೆ ಇದ್ದದ್ದು ಪಟ್ಟಿಯ ಕೆಳಗೆ, ಒತ್ತಿದರೆ ತೆರೆಯುವ ಚೌಕದೊಳಗೆ. ಏಜೆಂಟ್ ಅದನ್ನು ಒತ್ತಲಿಲ್ಲ. ಮಾಸ್ಟರರ ದನಿ ಹೋಯಿತು. ಹಳೆಯ ಕಂಪ್ಯೂಟರ್ ಅಷ್ಟರಲ್ಲಿ ಗುಜರಿ ಸೇರಿತ್ತು.

ಆಮೇಲೆ ನಿಮ್ಮ ರೋಹಣ ಸರ್ ಕೈಪಿಡಿಯ ಗುಣಮಟ್ಟ ಅಳೆದುಕೊಡಿ ಎಂದು, ಇಂಥ ಬರಹಗಳಿಗೆ ಅಂಕ ಹಾಕುವ ನಮ್ಮ ಕಚೇರಿಗೆ ಕಳಿಸಿದರು. ಬರೆದವಳು ನನ್ನ ತಂಗಿ, ಬೇರೆಯವರಿಗೆ ಕೊಡಿ ಎನ್ನಬಹುದಿತ್ತು. ಬೇರೆಯವರ ಕೈಗಿಂತ ನನ್ನ ಕೈ ಮೆತ್ತಗಿರುತ್ತದೆ ಎಂದುಕೊಂಡೆ. ಮೊದಲು ಮನುಷ್ಯರಿಗೆ ಓದಿಸಿದೆ. ಪಟ್ಟಿಯ ಮೇಲೆ ನೀನು, “ಅಗ್ಗ ಕಂಡಿತೆಂದು ಆತುರಪಡಬೇಡಿ, ಕೆಳಗಿನದನ್ನೂ ತೆರೆದು ನೋಡಿ” ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಗುತ್ತಾ ಎಲ್ಲರೂ ತೆರೆದರು. ಒಬ್ಬ ಹೆಂಗಸಂತೂ, “ಯಾರೋ ಪಕ್ಕದಲ್ಲೇ ಕೂತು ಹೇಳ್ತಿರೋ ಹಾಗಿದೆ ಕಣ್ರೀ” ಎಂದಳು. ಆಮೇಲೆ ಏಜೆಂಟ್‌ಗಳಿಗೆ ಓದಿಸಿದೆ. ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಅವು ಪಟ್ಟಿಗೆ ನೇರ ಹೋಗಿ ಅದೇ ಸಾಲನ್ನು ಎತ್ತಿಕೊಂಡು ಬರುತ್ತಿದ್ದವು. ಎರಡನ್ನೂ ವರದಿಯಲ್ಲಿ ಬರೆದೆ. ಸಭೆಯಲ್ಲಿ ರೋಹಣ ಸರ್ ಎರಡನೆಯದನ್ನು ಮಾತ್ರ ಓದಿದರು. “ಕೈಪಿಡಿ ಫೇಲು ಅಂದ್ರೆ ಬರೆದೋರು ಫೇಲು ತಾನೇ?” ಎಂದು ನಿನ್ನನ್ನೇ ನೋಡುತ್ತಾ ಹೇಳಿದರು. ನೀನು ನನ್ನನ್ನು ನೋಡಿದೆ. ನಾನು ಬಾಯಿ ತೆರೆದೆ, ಬಂದ ಮಾತು, “ಅಂಕ ಸರಿಯಾಗೇ ಇದೆ ಸರ್” ಎಂದು.

ಅಂಕ ಸರಿಯಾಗಿಯೇ ಇತ್ತು, ಚೂಟಿ. ಇವತ್ತು ಕೇಳಿದರೂ ಅಷ್ಟೇ ಹಾಕುತ್ತೇನೆ. ಅದಕ್ಕೇ ಇದು ಇಷ್ಟು ನೋಯುವುದು. ತಪ್ಪಾಗಿದ್ದರೆ ಬಂದು ತಿದ್ದಿಕೊಳ್ಳುತ್ತಿದ್ದೆ. ಆದರೆ ನೀನು ಆ ಪುಟ ಬರೆದಾಗ ಓದುವವರು ಮನುಷ್ಯರೇ ಆಗಿದ್ದರು. ಏಜೆಂಟ್‌ಗಳಿಗೆ ಬಾಗಿಲು ತೆರೆದದ್ದು ಆಮೇಲೆ, ರೋಹಣ ಸರ್ ಒಪ್ಪಿಗೆಯ ಮೇಲೆ. ನಿನಗೆ ಒಂದು ಮಾತು ಹೇಳಿದವರಿಲ್ಲ. ಆ ಸಭೆಯಲ್ಲಿ ಹೇಳಬೇಕಾಗಿದ್ದದ್ದು ಅದು. ನನಗೆ ಅದು ಹೊಳೆದದ್ದು ನೀನು ಕೆಲಸ ಕಳೆದುಕೊಂಡು, ಬ್ಯಾಗ್ ಹಿಡಿದು ಮನೆಯ ಗೇಟು ದಾಟಿದ ಮೇಲೆ. ಈಗ ವರದಿಗೆ ಸೇರಿಸಿ ಮತ್ತೆ ಕಳಿಸಿದ್ದೇನೆ. “ಮೇಡಂ, ಅದು ಮುಗಿದ ವಿಷಯ ಬಿಡಿ” ಎಂದು ಉತ್ತರ ಬಂತು. ಹೊಸ ಪುಟವನ್ನು ನನ್ನಿಂದಲೇ ಬರೆಸಿದರು. ದರದ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಇಲ್ಲಿಟ್ಟದ್ದು ತಿಂಗಳಿಗೆ ಅಳಿಯುತ್ತದೆ ಎಂದಿದೆ. ಏಜೆಂಟ್‌ಗಳು ಈಗ ಒಮ್ಮೆಯೂ ತಪ್ಪುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿದ ಹಾಗೆ ಮಾತ್ರ ಅದರಲ್ಲಿ ಏನೂ ಇಲ್ಲ.

ಹೋದ ವಾರ ಕುಸುಮಾ ಟೀಚರ್ ಮನೆಗೆ ಹೋಗಿದ್ದೆ. ಕ್ಲೌಡ್ ಕಂಪನಿಯವರನ್ನು ಕೇಳಿ ನೋಡಿದೆ, ಏನೂ ಉಳಿದಿಲ್ಲವಂತೆ ಎಂದು ಹೇಳುವುದಕ್ಕೆ. “ಬರೆದೋಳು ನೀನೇನಮ್ಮಾ?” ಎಂದರು. ಅಲ್ಲ ಟೀಚರ್, ಬರೆದವಳು ನನ್ನ ತಂಗಿ, ನಾನು ಅಂಕ ಹಾಕಿದವಳು ಎಂದೆ. “ಓ, ಹಾಗಾದ್ರೆ ನೀನೂ ನಮ್ಮ ಟೀಚರ್ ಜಾತಿಯವಳೇ” ಎಂದು ನಕ್ಕರು. ಆಮೇಲೆ, “ಪ್ರತಿ ಹಾಳೆ ತಿರುಗಿಸುವಾಗ್ಲೂ ಮಾಸ್ಟರ್ ಗಂಟಲು ಸರಿ ಮಾಡ್ಕೊಳ್ತಿದ್ರು. ಅದನ್ನ ಕತ್ತರಿಸಿ ಕೊಡಿ ಅಂತ ನಾನು ಜಗಳ ಆಡ್ತಿದ್ದೆ. ಈಗ ಅದೊಂದು ಉಳಿದಿದ್ರೆ ಸಾಕಿತ್ತು ಮಗಳೇ” ಎಂದರು.

ಅತ್ತೆಗೆ ನನ್ನ ನಮಸ್ಕಾರ ಹೇಳು. ಊಟ ಬಿಡಬೇಡ. ಬುದ್ಧ, ಧರ್ಮ, ಸಂಘವೆಂಬ ತ್ರಿರತ್ನಗಳ ನೆರಳು ನಿನ್ನ ಮೇಲಿರಲಿ.

ನಿನ್ನ
ಇನೋಕಾ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಟೀಚರ್ ಫೋನ್ ಮಾಡಿದರು. ಶನಿವಾರದ ರೈಲಿಗೆ ಬಂಡಾರವೆಲಕ್ಕೆ ಬರುತ್ತಿದ್ದೇವೆ, ಅವರೂ ನಾನೂ. ಇದು ನನ್ನ ಉಪಾಯವಲ್ಲ, ಆಣೆ. ಮಾಸ್ಟರ್ ಅರ್ಧ ಓದಿ ಬಿಟ್ಟ ಪುಸ್ತಕವೊಂದಿದೆಯಂತೆ, ಕೈಪಿಡಿ ಬರೆದ ಆ ಹುಡುಗಿಯ ಕೈಲೇ, ಅಂದರೆ ನಿನ್ನ ಕೈಲೇ, ಓದಿಸಬೇಕಂತೆ. ಅವಳು ಬಾಗಿಲೇ ತೆಗೆಯದಿದ್ದರೆ ಏನು ಮಾಡುವುದು ಟೀಚರ್ ಎಂದೆ. “ಹೊರಗೇ ಕೂತಿರೋಣ ಬಿಡು” ಎಂದರು, “ನನಗೆ ಒಳಗೂ ಹೊರಗೂ ಒಂದೇ.”