ಗೇಟಿನ ಬಳಿ ಚಾಚಿದ ಕೈ

ಅರಿಶಿನಕುಂಟೆ,
ನೆಲಮಂಗಲ ತಾಲ್ಲೂಕು.
ದಿನಾಂಕ: 9-11-2025, ಭಾನುವಾರ

ವಿಷಯ: ಅಂಚೆಯ ಮೂಲಕ ಬಂದ ಭಾವಚಿತ್ರದ ಬಗ್ಗೆ ಪ್ರಾಮಾಣಿಕ ಅಭಿಪ್ರಾಯ ಸಲ್ಲಿಸುವ ಕುರಿತು.

1. ಚಿತ್ರ ತೆಗೆದವರು: ಕವಿತ, ನನ್ನ ಹಿರಿಯ ಮಗಳು, ಹಾಲಿ ವಾಸ ಹೊಸಕೋಟೆ.
2. ಚಿತ್ರದಲ್ಲಿರುವವರು: ಅನುಸೂಯಮ್ಮ, ನನ್ನ ಧರ್ಮಪತ್ನಿ, ಸದರಿ ಕವಿತಳ ತಾಯಿ.
3. ಸ್ಥಳ: ನಮ್ಮ ಮನೆಯ ಮುಂದಿನ ಕಬ್ಬಿಣದ ಗೇಟು.
4. ಸಂದರ್ಭ: ಕಳೆದ ಫೆಬ್ರವರಿಯಲ್ಲಿ ಸದರಿ ಕವಿತಳು ಗಂಡನ ಮನೆಯನ್ನು ಬಿಟ್ಟು, ಬಟ್ಟೆಯ ಚೀಲದೊಂದಿಗೆ ಬಂದು, ಅದೇ ಬೆಳಿಗ್ಗೆ ಗೇಟಿನಿಂದಲೇ ಹೊರಟುಹೋದದ್ದು.
5. ವಿವಾದ: ಚಿತ್ರದಲ್ಲಿ ಚಾಚಿರುವ ಕೈ ಬಾ ಎನ್ನುತ್ತಿದೆಯೋ ಹೋಗು ಎನ್ನುತ್ತಿದೆಯೋ ಎಂಬುದು.

ಚಿರಂಜೀವಿ ಕವಿತಳಿಗೆ ನಿನ್ನ ತಂದೆ ಲಕ್ಷ್ಮಯ್ಯ ಮಾಡುವ ಆಶೀರ್ವಾದಗಳು. ನಾವು ಮೂವರೂ ಇಲ್ಲಿ ಕ್ಷೇಮ; ನಿನ್ನ ಕ್ಷೇಮವನ್ನು ತಿಳಿಸುವುದು. ಚಿರಂಜೀವಿಯ ಪಕ್ಕದಲ್ಲಿ ಹಿಂದೆಲ್ಲ ಬರೆಯುತ್ತಿದ್ದ ಸೌಭಾಗ್ಯವತಿ ಎಂಬ ಪದ ಈ ಸಲ ಇಲ್ಲ. ಅದು ಮರೆವಲ್ಲ. ಬರೆದರೆ ನಿನಗೆ ನೋವೋ, ಬಿಟ್ಟರೆ ನೋವೋ ತೀರ್ಮಾನಿಸಲಾರದೆ, ಎಲ್ಲ ಮಕ್ಕಳಿಗೂ ಸಲ್ಲುವ ಪದವನ್ನಷ್ಟೇ ಉಳಿಸಿಕೊಂಡೆ.

ನಿನ್ನ ಚಿತ್ರ ದೀಪಾವಳಿಗೆ ಮುಂಚೆಯೇ ಬಂದಿತ್ತು. ಉತ್ತರ ತಡವಾದದ್ದಕ್ಕೆ ಬೇಸರಪಡಬೇಡ. ಬರೆಯಲು ಕೂರುವುದು, ಎದ್ದು ಗೇಟಿನವರೆಗೆ ಹೋಗಿ ಬರುವುದು, ಮತ್ತೆ ಕೂರುವುದು, ಇದೇ ನನ್ನ ದಿನಚರಿಯಾಗಿದೆ. ಹೆದ್ದಾರಿಯ ಲಾರಿಗಳ ಸದ್ದನ್ನು ಇಷ್ಟು ವರ್ಷ ಕಿವಿಗೇ ಹಾಕಿಕೊಳ್ಳದವನು ಈಗ ಪ್ರತಿ ಹಾರನ್ನಿಗೂ ತಲೆಯೆತ್ತುತ್ತೇನೆ.

ಚಿತ್ರದ ಜೊತೆ ನೀನು ಇಟ್ಟಿದ್ದ ಚೀಟಿಯನ್ನು ಹಲವು ಸಲ ಓದಿದೆ. "ಅಪ್ಪ, ಈ ತಿಂಗಳು ಬಿಟ್ಟು ಮುಂದಿನ ತಿಂಗಳ ಕೊನೆಗೆ ನಮ್ಮ ಫೋಟೋ ಬಳಗದ ಪ್ರದರ್ಶನ ಇದೆ. ಇದನ್ನ ಇಡ್ತಿದೀನಿ. ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡ, ಕಂಡಿದ್ದನ್ನ ಹೇಳು. ಅರ್ಜಿ ಭಾಷೆ ಬೇಡ, ಅದ್ರಲ್ಲಿ ನೀನ್ ಎಲ್ಲಿದೀಯ ಅಂತಾನೇ ಗೊತ್ತಾಗಲ್ಲ." ತಾಲ್ಲೂಕು ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಆ ಭಾಷೆಗಾಗಿಯೇ ಜನ ನನ್ನ ಮೇಜಿನ ಮುಂದೆ ಕಾದು ನಿಲ್ಲುತ್ತಿದ್ದರು. ಹಳೆಯ ಅರ್ಜಿಗಳನ್ನು ನಕಲು ಮಾಡಿ ಮಾಡಿ ನಾನು ಕಲಿತದ್ದು ಅದೊಂದನ್ನೇ. ಆದ್ದರಿಂದ ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿಯಿತು, ನಿನ್ನ ಮಾತು ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ. ಮೇಲಿನ ಐದು ಅಂಶಗಳಿಗೇ ಅಂಕಿ ಹಾಕುವುದನ್ನು ನಿಲ್ಲಿಸಿದ್ದೇನೆ. ಕೈ ಮಾತ್ರ ಹಳೆಯ ದಾರಿಯಲ್ಲೇ ಓಡುತ್ತದೆ, ಅಷ್ಟನ್ನು ಸಹಿಸಿಕೊ.

ನಿನಗೆ ನೆನಪಿರಬೇಕು, ಶಾಲೆ ಬಿಟ್ಟ ಮೇಲೆ ನೀನು ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ. ಅರ್ಜಿ ಬರೆಸಲು ಬಂದವರ ಮಾತಿನಲ್ಲಿ ಒಂದು ಗುರುತನ್ನು ನಿನಗೆ ಹೇಳಿಕೊಟ್ಟಿದ್ದೆ. ನಡೆದದ್ದನ್ನು ಹೇಳುವವರು 'ಹಿಂಗಾಯ್ತು ಸ್ವಾಮಿ' ಎನ್ನುತ್ತಾರೆ. ನಡೆಯದ್ದನ್ನು ಹೇಳುವವರು 'ಹಿಂಗಾಯ್ತು ಅಂತ ಬರೀರಿ ಸ್ವಾಮಿ' ಎನ್ನುತ್ತಾರೆ. ಆ 'ಅಂತ ಬರೀರಿ' ಕಿವಿಗೆ ಬಿದ್ದೊಡನೆ ನೀನು ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದೆ. ನಾನು ಮುಖ ಬಿಗಿಹಿಡಿದು ಬರೆಯುತ್ತಾ ಹೋಗುತ್ತಿದ್ದೆ.

ಈಗ ಚಿತ್ರದ ವಿಚಾರ. ನನ್ನೊಬ್ಬನ ಕಣ್ಣು ಸಾಲದೆಂದು ಅದನ್ನು ಹಾಲಿನ ಡೈರಿಗೆ ತೆಗೆದುಕೊಂಡು ಹೋದೆ. ಡೈರಿಯ ಕಾರ್ಯದರ್ಶಿ ಕಾಂತರಾಜು ಕನ್ನಡಕ ಏರಿಸಿ ನೋಡಿ, "ಇದ್ರಲ್ಲೇನ್ ಅನುಮಾನ ಲಕ್ಷ್ಮಯ್ಯನೋರೆ, ಅನುಸೂಯಮ್ಮೋರು ಊಟಕ್ ಕರೀತಾವ್ರೆ" ಎಂದ. ಹಾಲಿನ ಕ್ಯಾನು ಹಿಡಿದು ಹಿಂದೆ ನಿಂತಿದ್ದ ಪಿಳ್ಳಮ್ಮ ಇಣುಕಿ, "ಊಟಕ್ ಕರಿಯೋ ಮುಖಾನ ಕಂಡಿದೀಯೇನಪ್ಪಾ ನೀನು? ಇದು ಕೋಳಿ ಓಡ್ಸೋ ಮುಖ" ಎಂದಳು.

"ಊರ್ ಕೋಳಿ ನಿನ್ ಹಿತ್ಲಿಗ್ ಬಂದ್ರೆ ಮೊಟ್ಟೆ ಇಡೋಗಂಟ ನೀನ್ ಓಡ್ಸಲ್ವಲ್ಲ, ನಿನಗೇನ್ ಗೊತ್ತು ಆ ಮುಖ" ಎಂದ ಕಾಂತರಾಜು.

ಎಲ್ಲರೂ ನಕ್ಕರು. ನಾನು ಚಿತ್ರವನ್ನು ಲಕೋಟೆಗೆ ಸೇರಿಸಿಕೊಂಡು, ಹಾಲು ಹಾಕಿಸಿಕೊಳ್ಳುವುದನ್ನೇ ಮರೆತು ಮನೆಗೆ ಬಂದೆ.

ನಮ್ಮ ಕಡೆ ಕರೆಯುವಾಗಲೂ ಅಂಗೈ ಕೆಳಗೆ, ಕಳುಹಿಸುವಾಗಲೂ ಅಂಗೈ ಕೆಳಗೆ. ಬೆರಳು ಒಳಕ್ಕೆ ಮಡಚಿದರೆ ಬಾ, ಹೊರಕ್ಕೆ ಚಿಮ್ಮಿದರೆ ಹೋಗು. ಅಲುಗಾಡದ ಚಿತ್ರದಲ್ಲಿ ಎರಡೂ ಒಂದೇ ಕೈ. ಅಮ್ಮನ ಬಾಯಿ ತೆರೆದಿದೆ, ಆದರೆ ಆ ಹೊತ್ತಿಗೆ ನೀನು ತಿರುವಿನ ಆಟೋದ ಬಳಿ ಇದ್ದೆ, ಲಾರಿಯ ಹಾರನ್ನಿನಲ್ಲಿ ಮಾತು ಕೇಳಿಸಲಿಲ್ಲ ಎಂದು ಭಾನುಪ್ರಿಯಾಗೆ ಹೇಳಿದ್ದೀಯಂತೆ. ನಿನ್ನ ತಂಗಿ ಅದನ್ನು ನನಗೆ ಹೇಳಿದ್ದೇ ಮೊನ್ನೆ. ಬೆಳಕನ್ನು ನೀನು ಚೆನ್ನಾಗಿ ಹಿಡಿದಿದ್ದೀಯೆ. ಎಳೆಬಿಸಿಲು ಕೈಯ ಮೇಲೆ ಮಾತ್ರ ಬಿದ್ದು ಮುಖ ನೆರಳಿನಲ್ಲಿ ಉಳಿದಿದೆ. ಬಳಗದವರು ಅರ್ಧ ಜನ ಹಾಗೆ, ಅರ್ಧ ಜನ ಹೀಗೆ ಎಂದು ವಾದ ಮಾಡಿದರು, ಅದೇ ಈ ಚಿತ್ರದ ಗೆಲುವು ಎಂದು ನೀನು ಬರೆದಿದ್ದೀಯೆ. ನನ್ನ ತಕರಾರು ಇರುವುದು ಅಲ್ಲಿಯೇ.

ಇಡೀ ಚಿತ್ರವನ್ನು ನಾನು ಮುಂಚೆಯೇ ನೋಡಿದ್ದೇನೆ. ಆ ದಿನವೇ ನೀನು ಅದನ್ನು ಭಾನುವಿನ ಫೋನಿಗೆ ಕಳುಹಿಸಿದ್ದೆ. ಅದರಲ್ಲಿ ಅಮ್ಮನ ಎಡಗೈಯೂ ಇದೆ. ಆ ಕೈ ಗೇಟಿನ ಚಿಲಕದ ಮೇಲಿದೆ, ಚಿಲಕ ಅರ್ಧಕ್ಕೆ ನಿಂತಿದೆ. ಹಾಕುತ್ತಿದ್ದಳೋ ತೆಗೆಯುತ್ತಿದ್ದಳೋ ಅಲ್ಲಿಯೂ ತಿಳಿಯದು. ಪ್ರದರ್ಶನಕ್ಕೆ ಇಡುವ ಪ್ರತಿಯಲ್ಲಿ ನೀನು ಸೊಂಟದಿಂದ ಕೆಳಗೆ ಕತ್ತರಿಸಿ, ಆ ಎಡಗೈಯನ್ನು ಬಿಟ್ಟುಬಿಟ್ಟಿದ್ದೀಯೆ. ಈಗಿರುವಂತೆ ಇದು ಒಗಟು. ನೋಡಿದವರು ವಾದ ಮಾಡಿ ನಕ್ಕು ಮುಂದೆ ಹೋಗುತ್ತಾರೆ, ಡೈರಿಯಲ್ಲಿ ಆದಂತೆ. ಚಿಲಕ ಕಂಡರೆ ಯಾರೂ ವಾದ ಮಾಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಆ ಅರ್ಧ ಚಿಲಕವನ್ನು ನೋಡಲಾರದೆ ನೀನೇ ಕತ್ತರಿ ಹಾಕಿದ್ದೀಯೆ ಎಂದು ನನಗೆ ಅನ್ನಿಸುತ್ತದೆ. ಒಗಟು ಹುಟ್ಟಿರುವುದು ಕತ್ತರಿಯಿಂದ, ನಿನ್ನ ಅಮ್ಮನಿಂದಲ್ಲ. ಇದು ನನ್ನ ಪ್ರಾಮಾಣಿಕ ಅಭಿಪ್ರಾಯ. ತಪ್ಪಿದ್ದರೆ ನನ್ನ ಭಾಷೆಯನ್ನು ತಿದ್ದಿದಷ್ಟೇ ನೇರವಾಗಿ ತಿದ್ದು.

ಆ ಬೆಳಿಗ್ಗೆ ನಾನು ಮನೆಯಲ್ಲಿರಲಿಲ್ಲ. ಭಾನುವನ್ನು ನೋಡಲು ದೊಡ್ಡಬಳ್ಳಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು, ನಾನು ಹಣ್ಣು ತರಲು ನೆಲಮಂಗಲಕ್ಕೆ ಹೋಗಿದ್ದೆ. ನಿನ್ನ ಆಟೋ ನನ್ನ ಬಸ್ಸಿಗೆ ಎದುರಾಗಿಯೇ ಹೋಗಿರಬೇಕು. "ಇವತ್ತೊಂದಿನ ಬ್ಯಾಡ ಕಣೇ, ಅವ್ರೆಲ್ಲಾ ಬರೋ ಹೊತ್ತು" ಎಂದು ಅಮ್ಮ ನಿನ್ನನ್ನು ಬಾಗಿಲಲ್ಲೇ ತಡೆದಳೆಂದು ಭಾನು ಹೇಳಿದಳು. ಉಪ್ಪಿಟ್ಟು ತಿಂದು ಹೋದ ಆ ಗಂಡಿನವರು ಇಂದಿಗೂ ಏನನ್ನೂ ಹೇಳಿ ಕಳುಹಿಸಿಲ್ಲ. ಅವರಿಗಾಗಿ ಒಂದು ದಿನ ಎಂದದ್ದು ಈಗ ಕಾರ್ತಿಕ ಮಾಸಕ್ಕೆ ಬಂದು ನಿಂತಿದೆ. ನೀನು ಅಮ್ಮನ ಫೋನು ಎತ್ತುವುದಿಲ್ಲ. ಅವಳು ನನ್ನ ಮುಂದೆ ನಿನ್ನ ಹೆಸರೆತ್ತುವುದಿಲ್ಲ.

ಆದರೂ ಚಿತ್ರವನ್ನು ಅವಳಿಗೆ ತೋರಿಸಿದೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ನನ್ ಕೈ ಇಷ್ಟ್ ಸುಕ್ಕಾಗೈತಾ?"

"ಅದಿರಲಿ. ಆ ಕೈ ಏನು ಹೇಳ್ತಾ ಇತ್ತು?"

"ಕೈ ಏನ್ರೀ ಹೇಳುತ್ತೆ, ಹೇಳೋದು ಬಾಯಲ್ವಾ."

"ಹಂಗಾದ್ರೆ ಬಾಯಿ ಏನು ಹೇಳ್ತು?"

"ನಿಮ್ ಕಚೇರಿ ಅಂದ್ಕೊಂಡ್ರಾ ಇದನ್ನ" ಎಂದು ಜರಡಿಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅಂದಿನಿಂದ ಒಂದು ಕಡೆ ನಿಲ್ಲುವುದಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಾಳೆ. ಗೇಟಿನ ಚಿಲಕಕ್ಕೆ ಎಣ್ಣೆ ಬಿಡುತ್ತಾಳೆ, ಅದು ಕಿರುಗುಟ್ಟದಿದ್ದರೂ. ನಿನ್ನೆ ಸಂಜೆ ತಾನಾಗಿಯೇ ಬಂದು ಉತ್ತರ ಕೊಟ್ಟಳು. ಅವಳು ನಿನ್ನನ್ನು ಕರೆಯುತ್ತಿದ್ದಳಂತೆ. ಅವಳ ಹೇಳಿಕೆಯನ್ನು ಇಲ್ಲಿ ದಾಖಲಿಸಿದ್ದೇನೆ.

ಇಂದು ಬೆಳಿಗ್ಗೆ ಭಾನುವಿನ ಫೋನಿನಲ್ಲಿ ನಾನೂ ಒಂದು ಚಿತ್ರ ತೆಗೆದೆ. ಅದೇ ಗೇಟು, ಅದೇ ಅಮ್ಮ. "ಕೈ ಎಲ್ಲಿಡ್ಲಿ?" ಎಂದು ಕೇಳಿದಳು. ನಿನ್ನಿಷ್ಟ ಎಂದೆ. ಯೋಚಿಸಿ, ಶಾಲೆಯ ಹುಡುಗಿಯಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನೆಲಮಂಗಲದಲ್ಲಿ ಪ್ರತಿ ಹಾಕಿಸಿ ಲಗತ್ತಿಸಿದ್ದೇನೆ. ಒಂದು ಮೂಲೆಯಲ್ಲಿ ನನ್ನ ಬೆರಳು ಬಿದ್ದಿದೆ, ಗೇಟು ವಾಲಿದಂತೆ ಕಾಣುತ್ತದೆ. ಚೆನ್ನಾಗಿದೆ ಎಂದು ಮಾತ್ರ ನೀನೂ ಬರೆಯಬೇಡ.

ಪ್ರದರ್ಶನಕ್ಕೆ ಯಾವ ಪ್ರತಿ ಇಡುವೆಯೋ ಅದು ನಿನ್ನ ಹಕ್ಕು. ನಿನ್ನ ಕೆಲಸ ಬೆಳೆಯಲಿ, ಕಣ್ಣು ಹೀಗೆಯೇ ಚುರುಕಾಗಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಸದಾ ಒಳ್ಳೆಯದಾಗಲಿ.

ಇಂತಿ ನಿನ್ನ ತಂದೆ,
(ಸಹಿ) ಲಕ್ಷ್ಮಯ್ಯ

ಮರುಬರಹ: ಸಹಿಯ ಕೆಳಗೆ ಏನಾದರೂ ಸೇರಿಸಿದರೆ ಅದಕ್ಕೆ ಮತ್ತೊಂದು ಸಹಿ ಬೇಕು, ಇಲ್ಲದಿದ್ದರೆ ಸಿಂಧುವಲ್ಲ. ಆದ್ದರಿಂದ ಕೆಳಗೆ ಇನ್ನೊಮ್ಮೆ ಸಹಿ ಹಾಕುತ್ತೇನೆ. ಅಮ್ಮನ ಹೇಳಿಕೆಯನ್ನು ಮೇಲೆ ನನ್ನ ಭಾಷೆಯಲ್ಲಿ ಬರೆದೆ. ಪ್ರಾಮಾಣಿಕವಾಗಿ ಬರಿ ಎಂದವಳು ನೀನು, ಅವಳ ಬಾಯಿಂದ ಬಂದ ಮಾತು ಇದು: "ಕರೀತಿದ್ದೆ ಅಂತ ಬರೀರಿ."

ನೀನು ಪಕ್ಕದಲ್ಲಿ ಕೂತಿದ್ದರೆ ನನ್ನ ಕಾಲು ತುಳಿಯುತ್ತಿದ್ದೆ.

ನಾನು ಬರೆದೆ. "ಓದಿ ಹೇಳ್ರಿ" ಎಂದಳು. ಓದಿದೆ. ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ ನೆಲ ನೋಡುತ್ತಾ, "ನಂಬ್ತಾಳಾ ಅವ್ಳು?" ಎಂದು ಕೇಳಿದಳು. ನಾನು ಪೆನ್ನಿನ ಮುಚ್ಚಳ ಹಾಕಿದೆ. "ನಂಬ್ದೆ ಹೋದ್ರೂ ಬರ್ತಾಳಾ?" ಎಂದಳು.

ಅದಕ್ಕೆ, ನಿನ್ನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

(ಸಹಿ) ಲಕ್ಷ್ಮಯ್ಯ

ಲಗತ್ತು: ಭಾವಚಿತ್ರ, ಒಂದು. ಗೇಟು ತೆರೆದಿದೆ. ಎಲ್ಲಿಯೂ ಕತ್ತರಿಸಿಲ್ಲ.