ಬೀರೋಬನ ಮುಖ ಕಪ್ಪಾದ ಕಾರಣ

ಸೋಲಾಪುರ, ಮಂಗಳವಾರ

ಆಯಿಗೆ ಮೊಮ್ಮಗ ಅಮೋಗಸಿದ್ಧನ ಉದ್ದಂಡ ನಮಸ್ಕಾರ. ಫೋನಿನಲ್ಲಿ ಹೇಳಿದರೆ ಬೈಗುಳ ಕೂಡಲೇ ಸಿಗುತ್ತದೆ, ಅದಕ್ಕೇ ಈ ಕಾರ್ಡು.

ಇಲ್ಲಿಯ ವಿಜ್ಞಾನ ಶಿಬಿರದಲ್ಲಿ ಇವತ್ತು ಬೆಳ್ಳಿಯ ಮೇಲೆ ಕ್ಲೋರಿನ್ ಕುಳಿತ ಚಿತ್ರ ತೋರಿಸಿದರು. ಬೆಳ್ಳಿಯ ಪರಮಾಣುಗಳ ನಡುವೆ ಸಣ್ಣ ತಗ್ಗುಗಳಿರುತ್ತವೆ. ಕ್ಲೋರಿನ್ ಒಂದು ತಗ್ಗು ಬಿಟ್ಟು ಒಂದರಲ್ಲಿ ಕೂರುತ್ತದೆ, ಎಂಥ ಶಿಸ್ತು! ನಮ್ಮ ಅಕ್ಕಲಕೋಟ ಬಸ್ಸಿನವರಂತೆ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವುದಿಲ್ಲ. ಆದರೆ ಅದು ವಿಪರೀತ ಬಂದರೆ ಬೆಳ್ಳಿಯೇ ಕಪ್ಪಾಗುತ್ತದಂತೆ.

ಅದನ್ನು ಕೇಳಿ ನನಗೆ ಬೆವರು ಬಂತು. ಅಮಾವಾಸ್ಯೆಗೆ ಹೊಳೆಯಲೆಂದು ನಮ್ಮ ಮನೆದೇವರು ಬೀರೋಬನ ಬೆಳ್ಳಿ ಮುಖವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿಟ್ಟವನು ನಾನೇ. ಅದು ಕಪ್ಪಾದಾಗ ನೀನು "ರೂಪಾಲಿ ಮುಟ್ಟ್ಯಾಳ, ದ್ಯಾವ್ರು ಸಿಟ್ಟಾಗ್ಯಾನ" ಎಂದು ಅಣ್ಣ ಕಟ್ಟಿಕೊಂಡು ಬಂದ ವೈನಿಯನ್ನು ದೇವರ ಜಗಲಿಯಿಂದ ದೂರ ಇಟ್ಟೆ. ದೇವರಿಗೆ ಸಿಟ್ಟು ಬಂದಿಲ್ಲ ಆಯಿ, ಕ್ಲೋರಿನ್ ಹತ್ತಿದೆ.

ನನ್ನ ಆರೋಗ್ಯ ಚೆನ್ನಾಗಿದೆ, ಶೇಂಗಾ ಚಟ್ನಿಯ ಆಯುಷ್ಯ ಮಾತ್ರ ಮುಗಿಯಿತು.

ಈ ಕಾರ್ಡು ಓದಿ ಹೇಳುತ್ತಿರುವ ರೂಪಾಲಿ ವೈನಿಯವರಲ್ಲಿ ವಿನಂತಿ: ಆಯಿಗೆ ಕಿವಿ ಮಂದ. "ನಾನೇ" ಎಂಬ ಸಾಲನ್ನು ಇನ್ನೊಮ್ಮೆ ಜೋರಾಗಿ ಓದ್ರಿ. ಬಾಗಿಲಲ್ಲಿ ನಿಂತು ಬೇಡ, ದೇವರ ಜಗಲಿಯ ಮುಂದೆಯೇ ಕುಳಿತು ಓದ್ರಿ.

ಅಪರಾಧಿ,
ಅಮೋಗ